ಸೆಲ್ಫ್ ಬಿಚ್ಚುವ ಮೊದಲು ಅರ್ಥ್ ತಂತಿಯನ್ನು ನೋಡಿ

ನಮಸ್ಕಾರ ಅಣ್ಣಾವರೆ. ಶಿರಹಟ್ಟಿಯಿಂದ ನೀವು ಬರೆದದ್ದನ್ನು ಎರಡು ಸಲ ಓದಿದೆ. ಹನ್ನೊಂದು ವರ್ಷದ ಪೆಟ್ರೋಲ್ ಕಾರು, ಕೀಲಿ ತಿರುಗಿಸಿದರೆ ಒಂದೇ ಸಲ ‘ಟಕ್’ ಎಂದು ಸುಮ್ಮನಾಗುತ್ತದೆ, ನಾಲ್ಕೈದು ಸಲ ತಿರುಗಿಸಿದ ಮೇಲೆ ಚಾಲೂ ಆಗುತ್ತದೆ, ಗ್ಯಾರೇಜಿನವರು ಸೆಲ್ಫ್ ಮೋಟಾರೇ (ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುವ ಮೋಟಾರು) ಹೋಗಿದೆ ಎಂದಿದ್ದಾರೆ, ಅದನ್ನು ಮನೆಯಲ್ಲೇ ಬದಲಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ಬದಲಿಸಬಹುದು, ಪಂಪ್‌ಸೆಟ್ ಬಿಚ್ಚಿ ಜೋಡಿಸುವ ಕೈಗಳಿಗೆ ಇದು ಅಂಥ ದೊಡ್ಡ ಕೆಲಸವಲ್ಲ. ಆದರೆ ಬದಲಿಸಬೇಕಾದದ್ದು ಸೆಲ್ಫೇ ಹೌದೋ ಅಲ್ಲವೋ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ.

ಹೀಗೆ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಅಣ್ಣಿಗೇರಿಯಲ್ಲಿ ನನ್ನ ಕಾರಿಗೂ ಇದೇ ಕಾಯಿಲೆ ಬಂದಾಗ, ಒಂದು ಗ್ಯಾರೇಜಿನಲ್ಲಿ ಹೇಳಿದಂತೆ ಕೇಳಿ ಹೊಸ ಸೆಲ್ಫ್ ಹಾಕಿಸಿದೆ. ವಾರ ಕಳೆಯುವುದರೊಳಗೆ ಗದಗ ರಸ್ತೆಯಲ್ಲಿ ಮತ್ತೆ ಅದೇ ‘ಟಕ್’. ಕೊನೆಗೆ ಬ್ಯಾಟರಿಯ ತಟ್ಟೆಯನ್ನು ಎತ್ತಿ ನೋಡಿದರೆ, ಎಂಜಿನ್ನಿಗೂ ಬಾಡಿಗೂ ನಡುವೆ ಹೋಗುವ, ಸೆಲ್ಫಿನ ಕರೆಂಟನ್ನು ಬ್ಯಾಟರಿಯ ಕಡೆಗೆ ವಾಪಸು ಒಯ್ಯುವ ಹೆಣೆದ ಅರ್ಥ್ ಪಟ್ಟಿ ಹಸಿರುಗಟ್ಟಿ, ಅದರಲ್ಲಿ ನಾಲ್ಕಾರು ಎಳೆಗಳಷ್ಟೇ ಉಳಿದಿದ್ದವು. ಸೆಲ್ಫ್ ತಿರುಗುವಾಗ ಸಣ್ಣ ಪೆಟ್ರೋಲ್ ಕಾರಿನಲ್ಲಿಯೂ ನೂರು ಆಂಪಿಯರ್‌ಗಿಂತ ಹೆಚ್ಚು ಕರೆಂಟು ಹರಿಯುತ್ತದೆ. ದೀಪ ಉರಿಸಲು ಸಾಕಾಗುವ ಎಳೆಗಳು ಅದಕ್ಕೆ ಸಾಲುವುದಿಲ್ಲ. ನನ್ನ ಹಳೆಯ ಸೆಲ್ಫಿಗೆ ಏನೂ ಆಗಿರಲಿಲ್ಲ.

ಆದ್ದರಿಂದ ಮೊದಲು ಸಾದಾ ಮಲ್ಟಿಮೀಟರ್ ಹಿಡಿದುಕೊಳ್ಳಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಅದು ಪೂರ್ತಿ ತುಂಬಿದೆ ಎಂದು ಅರ್ಥ, 12.2 ಇದ್ದರೆ ಹೆಚ್ಚುಕಡಿಮೆ ಅರ್ಧ, ಅಂಥದನ್ನು ಚಾರ್ಜ್ ಮಾಡಿಕೊಂಡೇ ಮುಂದಿನ ಪರೀಕ್ಷೆ ಮಾಡಬೇಕು. ಬಳಿಕ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಇನ್ನೊಬ್ಬರಿಗೆ ಕೀಲಿ ತಿರುಗಿಸಲು ಹೇಳಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಹಿಡಿಯಿರಿ. ಅಲ್ಲಿ ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ದೋಷ ಅರ್ಥ್‌ನಲ್ಲಿದೆ. ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೂ ಹೀಗೆಯೇ ಅಳೆಯಬೇಕು. ಕೀಲಿ ತಿರುಗಿಸಿದಾಗ ಬ್ಯಾಟರಿಯ ವೋಲ್ಟೇಜ್ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಸೋತಿರಬಹುದು, ಇಲ್ಲವೇ ಸೆಲ್ಫ್ ಒಳಗೆ ಹಿಡಿದುಕೊಂಡು ಮಿತಿಮೀರಿ ಕರೆಂಟು ಎಳೆಯುತ್ತಿರಬಹುದು.

ಮೀಟರ್ ಇಲ್ಲದಿದ್ದರೆ ಹೆಡ್‌ಲೈಟ್ ಹಚ್ಚಿಕೊಂಡು ಕೀಲಿ ತಿರುಗಿಸಿ. ದೀಪ ಸಂಪೂರ್ಣ ಮಂಕಾದರೆ ಬ್ಯಾಟರಿ, ಅದರ ಟರ್ಮಿನಲ್ ಅಥವಾ ಬಿಗಿದುಕೊಂಡ ಮೋಟಾರಿನ ಕಡೆಗೆ ಅನುಮಾನ ಹೋಗಬೇಕು. ‘ಟಕ್’ ಎಂದರೂ ದೀಪ ಮೊದಲಿನಂತೆಯೇ ಬೆಳಗುತ್ತಿದ್ದರೆ ಕರೆಂಟು ಮೋಟಾರಿಗೆ ಮುಟ್ಟುತ್ತಲೇ ಇಲ್ಲ: ಸೊಲೆನಾಯ್ಡಿನ (ಸೆಲ್ಫಿನ ಮೇಲಿರುವ, ಮೋಟಾರಿಗೆ ಕರೆಂಟು ಕೂಡಿಸುವ ಸ್ವಿಚ್ಚು) ಒಳಗಿನ ತಾಮ್ರದ ಬಿಲ್ಲೆಗಳು ಸುಟ್ಟಿವೆ, ಇಲ್ಲವೇ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಶ್ ಸವೆದಿವೆ, ಇಲ್ಲವೇ ಅರ್ಥ್ ಕೆಟ್ಟಿದೆ. ‘ಟಕಟಕಟಕ’ ಎಂದು ಒಂದೇ ಸಮನೆ ಬಡಿದುಕೊಂಡರೆ ಬಹುಮಟ್ಟಿಗೆ ಬ್ಯಾಟರಿ ಇಳಿದಿದೆ. ನಿಮ್ಮದು ಒಂದೇ ‘ಟಕ್’ ಆದ್ದರಿಂದ, ಅರ್ಥ್ ಸರಿಯಿದ್ದರೆ, ಗ್ಯಾರೇಜಿನವರ ಮಾತು ನಿಜವಿರಲೂಬಹುದು.

ಇನ್ನು ಬಿಚ್ಚುವ ಕೆಲಸ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ ಸೆಲ್ಫ್ ಕುಳಿತಿರುತ್ತದೆ. ಕೆಲವು ಕಾರುಗಳಲ್ಲಿ ಮೇಲಿನಿಂದಲೇ ಕೈ ಹೋಗುತ್ತದೆ, ಕೆಲವಕ್ಕೆ ಕೆಳಗೆ ಹೋಗಲೇಬೇಕು. ಕೆಳಗೆ ಹೋಗುವುದಾದರೆ ಬರಿಯ ಜಾಕಿನ ಮೇಲೆ ನಿಂತ ಕಾರಿನಡಿ ತಲೆ ಹಾಕಬೇಡಿ. ಮಣ್ಣಿನ ಅಂಗಳದಲ್ಲಿ ಜಾಕ್ ವಾಲುತ್ತದೆ. ದಪ್ಪ ಫರಸಿಯ ಮೇಲೆ ಜಾಕ್ ಇಟ್ಟು ಎತ್ತಿ, ಸ್ಟ್ಯಾಂಡ್ ಕೊಟ್ಟು, ಹಿಂದಿನ ಗಾಲಿಗಳಿಗೆ ಕಲ್ಲು ಒಡ್ಡಿ. ಎಂಜಿನ್ ತಣ್ಣಗಾಗಿರಲಿ, ಸೈಲೆನ್ಸರ್ ಪೈಪು ಪಕ್ಕದಲ್ಲೇ ಇರುತ್ತದೆ.

ಎಲ್ಲಕ್ಕಿಂತ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ ದೂರ ಇಡಬೇಕು. ಸೆಲ್ಫಿಗೆ ಬರುವ ದಪ್ಪ ತಂತಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ನೆಗೆಟಿವ್ ಇದ್ದಾಗಲೇ ಪಾನಾ ಆ ಬೋಲ್ಟಿಗೂ ಬಾಡಿಗೂ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಕೈಯಲ್ಲಿ ಉಂಗುರವಿದ್ದರೆ ಬೆರಳೂ ಸುಡುತ್ತದೆ. ತಂತಿಗಳ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು, ದಪ್ಪ ತಂತಿಯ ನಟ್ಟನ್ನು ಬಿಚ್ಚಿ, ಸಣ್ಣ ತಂತಿಯ ಕ್ಲಿಪ್ಪನ್ನು ಒತ್ತಿ ಎಳೆಯಿರಿ. ಹನ್ನೊಂದು ವರ್ಷದ ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಹಾಕಿಟ್ಟರೆ ಬೆಳಿಗ್ಗೆ ಒದ್ದಾಟ ತಪ್ಪುತ್ತದೆ. ಹಿಡಿಯುವ ಬೋಲ್ಟುಗಳು ಎರಡೋ ಮೂರೋ ಇರುತ್ತವೆ, ಉದ್ದ ಬೇರೆ ಬೇರೆ ಇರಬಹುದು, ಒಂದರಡಿ ಅರ್ಥ್ ತಂತಿಯೂ ಸೇರಿರಬಹುದು. ಯಾವುದು ಎಲ್ಲಿಯದು ಎಂದು ಗುರುತು ಮಾಡಿಟ್ಟುಕೊಳ್ಳಿ. ಕೊನೆಯ ಬೋಲ್ಟ್ ಬಿಚ್ಚುವಾಗ ಇನ್ನೊಂದು ಕೈ ಸೆಲ್ಫಿನ ಕೆಳಗಿರಲಿ, ಅದು ಮೂರು ನಾಲ್ಕು ಕಿಲೋ ತೂಗುತ್ತದೆ.

ಹೊರಬಂದ ಸೆಲ್ಫನ್ನು ಆಗಲೇ ಗುಜರಿಗೆ ಎಸೆಯಬೇಡಿ. ಬ್ರಶ್, ಬುಶ್ (ಮೋಟಾರಿನ ಅಚ್ಚು ತಿರುಗುವ ಲೋಹದ ಬಳೆ), ಸೊಲೆನಾಯ್ಡ್, ಬೆಂಡಿಕ್ಸ್ (ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರವನ್ನು ಎಂಜಿನ್ನಿಗೆ ಕೂಡಿಸಿ ಬಿಡಿಸುವ ಭಾಗ) ಎಲ್ಲವೂ ಬಿಡಿಯಾಗಿ ಸಿಗುವ ಮಾಲುಗಳು. ಗದಗಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಆಟೋ ಇಲೆಕ್ಟ್ರಿಶಿಯನ್ ಅಂಗಡಿಗೆ ಒಯ್ದರೆ ಒಳಗೆ ಬಿಚ್ಚಿ ತೋರಿಸುತ್ತಾರೆ. ಆರ್ಮೇಚರ್ (ಒಳಗೆ ತಿರುಗುವ ತಾಮ್ರದ ಸುರುಳಿ) ಸುಟ್ಟಿರದಿದ್ದರೆ ರಿಪೇರಿ ಮಾಡಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಹೆಸರಿಲ್ಲದ ಅಗ್ಗದ ಹೊಸ ಸೆಲ್ಫಿಗಿಂತ ಕಂಪನಿಯ ಹಳೆಯ ಸೆಲ್ಫಿಗೆ ಹೊಸ ಬ್ರಶ್ ಹಾಕಿದ್ದೇ ಹೆಚ್ಚು ಬಾಳುತ್ತದೆ. ಬೇರೆಯದನ್ನೇ ತರುವುದಾದರೆ ಹಳೆಯದನ್ನು ಪಕ್ಕಕ್ಕಿಟ್ಟು ಪಿನಿಯನ್ನಿನ ಹಲ್ಲುಗಳನ್ನು ಎಣಿಸಿ, ಬೋಲ್ಟಿನ ತೂತುಗಳನ್ನು ಹೋಲಿಸಿ ನೋಡಿಯೇ ತನ್ನಿ.

ಸೆಲ್ಫ್ ಹೊರಗಿರುವಾಗಲೇ ಆ ಕಿಂಡಿಯಲ್ಲಿ ಬ್ಯಾಟರಿ ದೀಪ ಬಿಟ್ಟು ಫ್ಲೈವೀಲಿನ (ಪಿನಿಯನ್ ಕಚ್ಚಿ ತಿರುಗಿಸುವ ಎಂಜಿನ್ನಿನ ದೊಡ್ಡ ಚಕ್ರ) ಹಲ್ಲುಗಳನ್ನು ನೋಡಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ನಿಲ್ಲುವಾಗ ಸಾಮಾನ್ಯವಾಗಿ ಒಂದೆರಡು ಜಾಗಗಳಲ್ಲೇ ನಿಲ್ಲುವುದರಿಂದ ಅಲ್ಲಿಯ ಹಲ್ಲುಗಳೇ ಹೆಚ್ಚು ಸವೆಯುತ್ತವೆ. ಹಾಗಾಗಿ ಎಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸುತ್ತ ಪೂರ್ತಿ ಸುತ್ತನ್ನು ನೋಡಿ. ಹಲ್ಲು ಮುರಿದಿದ್ದರೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ, ಅದು ಮನೆಯ ಕೆಲಸವಲ್ಲ. ಮೇಲಿನಿಂದ ಎಂಜಿನ್ ಆಯಿಲ್ ಸೋರಿ ಸೆಲ್ಫ್ ತೊಯ್ದಿದ್ದರೆ ಆ ಸೋರಿಕೆಯನ್ನು ಮೊದಲು ನಿಲ್ಲಿಸಿ, ಇಲ್ಲವಾದರೆ ಹೊಸ ಬ್ರಶ್‌ಗಳಿಗೂ ಅದೇ ಗತಿ.

ಕೂಡಿಸುವಾಗ ಎರಡೂ ಕಡೆಯ ಲೋಹವನ್ನು ತಂತಿ ಬ್ರಶ್‌ನಿಂದ ಉಜ್ಜಿ ಹೊಳಪು ಬರಿಸಬೇಕು, ಏಕೆಂದರೆ ಸೆಲ್ಫಿಗೆ ಅರ್ಥ್ ಸಿಗುವುದು ತನ್ನ ಮೈಯಿಂದಲೇ. ಬೋಲ್ಟುಗಳನ್ನು ಮೊದಲು ಕೈಯಿಂದ ತಿರುಗಿಸಿ ಹಿಡಿಸಿ, ಆಮೇಲೆ ಪಾನಾ ಹಾಕಿ. ದಪ್ಪ ತಂತಿ ಕೂಡುವ ತಾಮ್ರದ ಬೋಲ್ಟಿನ ನಟ್ಟನ್ನು ಮಾತ್ರ ಮೈಮೇಲೆ ಬಿದ್ದು ಬಿಗಿಯಬೇಡಿ; ಬೋಲ್ಟೇ ತಿರುಗಿ ಸೊಲೆನಾಯ್ಡಿನ ಮುಚ್ಚಳ ಸೀಳುತ್ತದೆ. ರಬ್ಬರ್ ಟೋಪಿಯನ್ನು ಮರೆಯದೆ ಮೇಲೆ ತೊಡಿಸಿ, ನೆಗೆಟಿವ್ ತಂತಿಯನ್ನು ಎಲ್ಲದರ ಕೊನೆಗೆ ಜೋಡಿಸಿ. ಕೀಲಿಯನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯದೆ, ನಡುವೆ ಒಂದು ನಿಮಿಷ ಬಿಟ್ಟು ತಿರುಗಿಸಿ. ಎಂಜಿನ್ ಚಾಲೂ ಆದ ಮೇಲೂ ‘ಕರ್ರ್’ ಎಂಬ ಸದ್ದು ನಿಲ್ಲದಿದ್ದರೆ ಪಿನಿಯನ್ ಹಿಂದಕ್ಕೆ ಸರಿಯುತ್ತಿಲ್ಲ, ತಕ್ಷಣ ಬಂದ್ ಮಾಡಿ.

ನಾಳೆ ಬೆಳಿಗ್ಗೆ ಎರಡು ಅಳತೆಗಳನ್ನು ತೆಗೆದುಕೊಂಡು ಇಲ್ಲಿ ಬರೆಯಿರಿ: ಕೀಲಿ ತಿರುಗಿಸಿದಾಗ ಬ್ಯಾಟರಿಯಲ್ಲಿ ಎಷ್ಟು, ನೆಗೆಟಿವ್‌ನಿಂದ ಎಂಜಿನ್ನಿಗೆ ಎಷ್ಟು. ಅಲ್ಲಿಯವರೆಗೆ ಹೊಸ ಸೆಲ್ಫಿಗೆ ಮುಂಗಡ ಕೊಡಬೇಡಿ.