ಸಂಪಾದಕರ ಉತ್ತರ: ಕೋರ್ಸ್ ಆಮೇಲೆ, ಮೊದಲು ನಾಲೆ

ಮಳವಳ್ಳಿ ತಾಲ್ಲೂಕಿನಿಂದ ಓದುಗಿಯೊಬ್ಬರು ಬರೆದಿದ್ದಾರೆ. ಮೈಸೂರಿನಲ್ಲಿ ಎಂಎ ಅರ್ಥಶಾಸ್ತ್ರದ ಕೊನೆಯ ಸೆಮಿಸ್ಟರ್. ಮುಂದೆ ಇಕಲಾಜಿಕಲ್ ಎಕನಾಮಿಕ್ಸ್, ಅಂದರೆ ಆರ್ಥಿಕತೆಯನ್ನು ಪರಿಸರದ ಒಳಗಿಟ್ಟು ನೋಡುವ ಅರ್ಥಶಾಸ್ತ್ರ, ಓದುವ ಆಸೆ. ಸಾಲ ಮಾಡಿ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗಲೇ, ಇಲ್ಲೇ ಪಿಎಚ್‌ಡಿ ಮಾಡಲೇ ಎಂದು ಕೇಳಿದ್ದಾರೆ. "ಇದನ್ನ ಓದಿದ್ರೆ ಕೆಲಸ ಎಲ್ಲಿ ಸಿಗುತ್ತೆ, ಬ್ಯಾಂಕ್ ಪರೀಕ್ಷೆ ಕಟ್ಟು" ಅನ್ನುವುದು ಅವರ ಅಪ್ಪನ ಮಾತು. ಪತ್ರದ ಕೊನೆಗೆ ಒಂದು ಸಾಲಿದೆ: ನಮ್ಮೂರು ನಾಲೆಯ ಕೊನೇ ಭಾಗದಲ್ಲಿದೆ, ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ತಂಗಿ, ಈ ಸಾಲನ್ನು ನೀವು ಸುಮ್ನೆ ಬರೆದಿರಬಹುದು. ನನಗೆ ಮಾತ್ರ ಇಡೀ ಪತ್ರದಲ್ಲಿ ಜಾಸ್ತಿ ತೂಕದ ಮಾತು ಅದೇ ಅನ್ನಿಸಿತು.

ಹೊರದೇಶದ ವಿಷಯ ಮೊದಲು ಮುಗಿಸಿಬಿಡೋಣ. ಎಡಿನ್‌ಬರೋದಲ್ಲಿ ಇದೇ ಹೆಸರಿನ ಒಂದು ವರ್ಷದ ಎಂಎಸ್‌ಸಿ ಇದೆ. ವಿಯೆನ್ನಾದ ಅರ್ಥಶಾಸ್ತ್ರ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಹತ್ತಿರದ, ಎರಡು ವರ್ಷದ ಕೋರ್ಸ್ ಇದೆ, ಪಾಠವೂ ಇಂಗ್ಲಿಷಿನಲ್ಲೇ. ಬಾರ್ಸಿಲೋನಾದ ಆಟಾನಮಸ್ ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರದ ಹಿರಿಯರಾದ ಹುವಾನ್ ಮಾರ್ಟಿನೆಜ್ ಆಲಿಯೇ ಬೆಳೆಸಿದ ದೊಡ್ಡ ಬಳಗವೇ ಇದೆ. ಒಳ್ಳೆಯ ಜಾಗಗಳು. ಸ್ಕಾಲರ್‌ಶಿಪ್ ಸಿಕ್ಕರೆ ಖಂಡಿತ ಹೋಗಿ. ಆದರೆ ಮನೆ, ಜಮೀನು ಅಡವಿಟ್ಟು ಹೋಗಬೇಕಾ ಅಂದರೆ ನನ್ನ ಉತ್ತರ ಬೇಡ ಅಂತಲೇ.

ನೀವು ಓದಬೇಕೆಂದಿರುವ ಈ ಶಾಸ್ತ್ರ ಏನು ಕೇಳುತ್ತದೆ ನೋಡಿ. ಇದನ್ನು ಕಟ್ಟಿದವರಲ್ಲಿ ಒಬ್ಬರಾದ ಅಮೆರಿಕದ ಅರ್ಥಶಾಸ್ತ್ರಜ್ಞ ಹರ್ಮನ್ ಡೇಲಿ 1988ರಿಂದ 1994ರವರೆಗೆ ವಿಶ್ವಬ್ಯಾಂಕಿನಲ್ಲಿದ್ದರು. ಬ್ಯಾಂಕಿನ 1992ರ ಅಭಿವೃದ್ಧಿ ವರದಿ ತಯಾರಾಗುತ್ತಿದ್ದಾಗ ಕರಡಿನಲ್ಲಿ ಒಂದು ಚಿತ್ರವಿತ್ತು. ನಡುವೆ 'ಆರ್ಥಿಕತೆ' ಎಂಬ ಚೌಕ, ಒಂದು ಬಾಣ ಒಳಕ್ಕೆ, ಒಂದು ಬಾಣ ಹೊರಕ್ಕೆ. ಸುತ್ತ ಇನ್ನೊಂದು ದೊಡ್ಡ ಚೌಕ ಹಾಕಿ 'ಪರಿಸರ' ಅಂತ ಬರೆಯಿರಿ ಎಂದರು ಡೇಲಿ. ಮುಂದಿನ ಕರಡಿನಲ್ಲಿ ಚೌಕ ಬಂತು, ಹೆಸರು ಬರಲಿಲ್ಲ. ಅವರು ಮತ್ತೆ ಆಕ್ಷೇಪ ಎತ್ತಿದರು. ಅದರ ಮುಂದಿನ ಕರಡಿನಲ್ಲಿ ಚಿತ್ರವೇ ಇರಲಿಲ್ಲ! ಹೊರಗಿನ ಚೌಕ ಬರೆದರೆ ಒಳಗಿನದು ಎಷ್ಟು ದೊಡ್ಡದಾಗಬಹುದು ಅನ್ನೋ ಪ್ರಶ್ನೆ ಬಂದೇ ಬರುತ್ತದೆ, ಅಲ್ವಾ? ಆ ಪ್ರಶ್ನೆಯೇ ಇಕಲಾಜಿಕಲ್ ಎಕನಾಮಿಕ್ಸ್. ಮಾಲಿನ್ಯಕ್ಕೊಂದು ಬೆಲೆ ಕಟ್ಟಿ, ಉಳಿದದ್ದನ್ನು ಮಾರುಕಟ್ಟೆಗೆ ಬಿಡುವ ಪಾಠವನ್ನು ನಿಮ್ಮ ಎಂಎಯಲ್ಲೇ ಓದಿರುತ್ತೀರಿ. ಇದು ಬೇರೆ.

ಆ ಹೊರಗಿನ ಚೌಕವನ್ನು ಕಣ್ಣಾರೆ ನೋಡಬೇಕಾದರೆ ಮಂಡ್ಯಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಕೆಲವು ವರ್ಷಗಳ ಹಿಂದೆ ಮೈಸೂರಿನ ಒಂದು ಕಾಲೇಜಿನ ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಒಬ್ಬ ಹುಡುಗ ಕಬ್ಬಿನ ಖರ್ಚು ವೆಚ್ಚದ ಪಟ್ಟಿ ತೋರಿಸಿದ. ಬಿತ್ತನೆ, ಗೊಬ್ಬರ, ಕಟಾವಿನ ಕೂಲಿ, ಲಾರಿ ಬಾಡಿಗೆ, ಎಲ್ಲ ಇತ್ತು. ನೀರಿನ ಎದುರು ಸೊನ್ನೆ. ವೇದಿಕೆಯ ಮೇಲಿದ್ದ ಒಬ್ಬರೂ ಕೇಳಲಿಲ್ಲ. ಕಬ್ಬಿಗೆ ಬೇಕಾದ ನೀರು 1500ರಿಂದ 2500 ಮಿಲಿಮೀಟರ್. ಮಂಡ್ಯದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700. ಮಿಕ್ಕಿದ್ದು ಕನ್ನಂಬಾಡಿ ಕಟ್ಟೆಯಿಂದಲೋ ಬೋರ್‌ವೆಲ್‌ನಿಂದಲೋ ಬರಬೇಕು. ನಾಲೆಯ ತಲೆಭಾಗದಲ್ಲಿ ಗದ್ದೆ ಜೌಗು ಹಿಡಿಯುವಷ್ಟು ನೀರು ನಿಂತರೆ, ಕೊನೇ ಭಾಗದಲ್ಲಿ ನಿಮ್ಮ ಅಪ್ಪ ಮುಗಿಲು ನೋಡುತ್ತಾರೆ. ಪಟ್ಟಿಯ ಆ ಸೊನ್ನೆಯನ್ನು ತುಂಬುತ್ತಿರುವವರು ನಿಮ್ಮೂರಿನವರೇ.

ಇನ್ನೊಂದು ಜಾಗ ಹೇಳುತ್ತೇನೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತಾರೆ ಅಲ್ಲಿಯವರು. ಮರದ ಬುಡದಲ್ಲಿ ಗುಂಡಿ ತೋಡಿರುತ್ತಾರೆ. ಮೇಲಿಂದ ಬೀಳುವ ಹಿಕ್ಕೆ ತರಗು, ಮಣ್ಣಿನ ಜೊತೆ ಕಲೆತು ಗೊಬ್ಬರವಾಗಿ ಹೊಲ ಸೇರುತ್ತದೆ. ಹಣ್ಣು ಬಡಿಯುವ ಕಾಲಕ್ಕೆ ಗೂಡಿನಲ್ಲಿ ಮರಿಗಳಿರುತ್ತವೆ, ಹಾಗಾಗಿ ಹುಣಸೆ ಫಸಲಿನ ಆಸೆ ಕೈಬಿಡಬೇಕು. ಆ ನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಉಂಟು. ನಾನು ಹೋದಾಗ ಒಬ್ಬ ಅಜ್ಜಿ ಗುಂಡಿಯ ಪಕ್ಕ ನಿಂತು, ಯಾವ ಮರದಡಿ ಎಷ್ಟು ಗಾಡಿ ಗೊಬ್ಬರ ಸಿಕ್ಕಿತು, ಯಾವ ಮರದಲ್ಲಿ ಎಷ್ಟು ಹುಣಸೆ ಹೋಯಿತು ಎಂದು ಬಾಯಿಲೆಕ್ಕದಲ್ಲೇ ಹೇಳಿದರು. ಕೆರೆ ಬತ್ತಿದರೆ ಮೀನಿಲ್ಲ, ಮೀನಿಲ್ಲದಿದ್ದರೆ ಹಕ್ಕಿಯಿಲ್ಲ, ಹಕ್ಕಿಯಿಲ್ಲದಿದ್ದರೆ ಗೊಬ್ಬರವೂ ಇಲ್ಲ. ಹೀಗೆ ಸಾಗುವ ಲೆಕ್ಕ ಅವರದು. ಇದನ್ನು ಕಲಿಸುವ ಅಧ್ಯಾಪಕರು ನಮ್ಮಲ್ಲಿ ಎಷ್ಟು ಜನ?

ಇಲ್ಲಿ ಓದಲು ದಾರಿಯೇ ಇಲ್ಲ ಅಂದುಕೊಳ್ಳಬೇಡಿ. ಬೆಂಗಳೂರಿನ ಐಸೆಕ್, ಅಂದರೆ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ, ಆರ್ಥಿಕ ಸಂಶೋಧನೆಯ ಸಂಸ್ಥೆಯಲ್ಲಿ, ಈ ವಿಷಯಕ್ಕೆಂದೇ ಒಂದು ಕೇಂದ್ರವಿದೆ. ಅಲ್ಲಿ ಸಂಶೋಧನೆ ಮಾಡಿದವರಿಗೆ ಪಿಎಚ್‌ಡಿ ಕೊಡುತ್ತಾ ಬಂದಿರುವುದು ನಿಮ್ಮ ಮೈಸೂರು ವಿಶ್ವವಿದ್ಯಾಲಯವೇ. ಬೆಂಗಳೂರಿನದೇ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯಲ್ಲೂ ಪಿಎಚ್‌ಡಿ ಇದೆ. ಅಲ್ಲಿ ಜೀವವಿಜ್ಞಾನದವರು, ಸಮಾಜವಿಜ್ಞಾನದವರು ಒಂದೇ ಸೂರಿನಡಿ ಕೂರುತ್ತಾರೆ, ನಿಮಗೆ ಬೇಕಾದದ್ದೂ ಅದೇ. ಇನ್ನೊಂದು ಎಂಎ ಮಾಡಿದರೂ ಸರಿ ಅನ್ನುವುದಾದರೆ ದೆಹಲಿಯ ಟೇರಿ ಸ್ಕೂಲ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್, ಚೆನ್ನೈನ ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್ ನೋಡಿ. ಅಲ್ಲಿ ಒಲವು ಪರಿಸರಕ್ಕೆ ಬೆಲೆ ಕಟ್ಟುವ ಕಡೆಗೇ ಸ್ವಲ್ಪ ಜಾಸ್ತಿ, ಆದರೂ ಲೆಕ್ಕದ ತಳಪಾಯ ಗಟ್ಟಿಯಾಗುತ್ತದೆ. ಇಂಡಿಯನ್ ಸೊಸೈಟಿ ಫಾರ್ ಇಕಲಾಜಿಕಲ್ ಎಕನಾಮಿಕ್ಸ್ 1999ರಿಂದ ಇದೆ. ಅವರ ಸಮ್ಮೇಳನಕ್ಕೆ ಒಂದು ಪ್ರಬಂಧ ಕಳಿಸಿ. ಗೈಡ್ ಹುಡುಕಲು ಅದಕ್ಕಿಂತ ಸಲೀಸಾದ ದಾರಿ ಇಲ್ಲ.

ಹೊರದೇಶದಲ್ಲಿ ಓದಿ ಹಳ್ಳಿಯ ಲೆಕ್ಕಕ್ಕೆ ಇಳಿದವರೂ ಇದ್ದಾರೆ. ಗಾಂಧಿವಾದಿ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ ಲಂಡನ್ನಿನಲ್ಲಿ ಅಕೌಂಟೆನ್ಸಿ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದವರು. ಗಾಂಧೀಜಿ ಅವರನ್ನು ಕಳಿಸಿದ್ದು ಗುಜರಾತಿನ ಮಾತರ್ ತಾಲ್ಲೂಕಿನ ಹಳ್ಳಿಗಳ ಲೆಕ್ಕ ತೆಗೆಯಲು. ಗೊಬ್ಬರ, ಬಾವಿ, ದನಕರು, ಸಾಲ ಎಲ್ಲವನ್ನೂ ಮನೆಮನೆಗೆ ಹೋಗಿ ಕೇಳುವ ಕೆಲಸ ಅದು. ಕೊಲಂಬಿಯಾದಲ್ಲಿ ಓದಿದ ಸಾವಿರಾರು ಜನರನ್ನು ಮರೆತಿದ್ದೇವೆ. ಕುಮಾರಪ್ಪನವರನ್ನು ಇವತ್ತಿಗೂ ನೆನೆಯುತ್ತೇವೆ.

ನನ್ನ ಸಿಟ್ಟು ಇನ್ನೊಂದಿದೆ, ಹೇಳಿಬಿಡುತ್ತೇನೆ. ಮಂಡ್ಯದ ರೈತರಷ್ಟು ಸರ್ವೆಗೆ ಉತ್ತರ ಕೊಟ್ಟವರು ಕಡಿಮೆ. ಕಾವೇರಿ ಗಲಾಟೆ ಆದಾಗಲೆಲ್ಲ ಯಾರೋ ಫಾರಂ ಹಿಡಿದು ಬರುತ್ತಾರೆ. ಎಷ್ಟು ಎಕರೆ, ಎಷ್ಟು ಬೋರು, ಎಷ್ಟು ಸಾಲ ಎಂದು ಬರೆದುಕೊಂಡು ಹೋಗುತ್ತಾರೆ. ಥೀಸಿಸ್ ಇಂಗ್ಲಿಷಿನಲ್ಲಿ ಬಂದು ಲೈಬ್ರರಿ ಸೇರುತ್ತದೆ. ಉತ್ತರ ಕೊಟ್ಟವನಿಗೆ ಅದರ ಎರಡು ಪುಟವೂ ಕನ್ನಡದಲ್ಲಿ ಸಿಗುವುದಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಅಂತ ತೀರ್ಪು ಕೊಟ್ಟಾಗ ಆ ಅಂಕಿ ನಮ್ಮ ಎಲ್ಲರ ಬಾಯಲ್ಲೂ ಇತ್ತು. ನಮ್ಮದೇ ನಾಲೆಯಲ್ಲಿ ತಲೆಭಾಗಕ್ಕೆ ಎಷ್ಟು, ಕೊನೇ ಭಾಗಕ್ಕೆ ಎಷ್ಟು ಅಂತ ಯಾರೂ ಕೇಳಲಿಲ್ಲ. ಕೇಳಬೇಕಾದವರನ್ನು ನಾವು ಬ್ಯಾಂಕ್ ಪರೀಕ್ಷೆಯ ಕೋಚಿಂಗ್‌ಗೆ ಕಳಿಸಿದ್ದೇವೆ.

ನಿಮ್ಮ ತಂದೆಯವರಿಗೂ ಒಂದು ಮಾತು. ಕೆಲಸದ ಚಿಂತೆ ತಪ್ಪಲ್ಲ. ಈ ಓದಿಗೆ ಬ್ಯಾಂಕಿನಷ್ಟು ಖಾಯಂ ದಾರಿ ಇಲ್ಲ ಅನ್ನುವುದೂ ನಿಜ. ಆದರೆ ಮಗಳು ಕೇಳುತ್ತಿರುವುದು ನಿಮ್ಮ ಗದ್ದೆಗೆ ನೀರು ಯಾಕೆ ಬರಲಿಲ್ಲ ಅಂತ. ದಯವಿಟ್ಟು ತಡೆಯಬೇಡಿ.

ತಂಗಿ, ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಈ ಬೇಸಿಗೆ ರಜೆಯಲ್ಲಿ ನಿಮ್ಮ ನಾಲೆಯ ಉದ್ದಕ್ಕೂ ಮೇಲಿನ ಊರುಗಳಿಗೆ ಹೋಗಿ, ಯಾರು ಯಾವ ಬೆಳೆ ಇಟ್ಟಿದ್ದಾರೆ, ಕಟ್ಟು ನೀರಿನ ಸರದಿ ಹೇಗಿದೆ, ಯಾರ ಬೋರ್ ಎಷ್ಟು ಆಳಕ್ಕೆ ಇಳಿದಿದೆ ಎಂದು ಬರೆದುಕೊಳ್ಳಿ. ಅದನ್ನು ಕನ್ನಡದಲ್ಲಿ ಬರೆದು ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ. ಅದನ್ನೇ ಇಂಗ್ಲಿಷಿಗೆ ತಂದು ಐಸೆಕ್, ಏಟ್ರೀ ಅರ್ಜಿಗಳ ಜೊತೆ ಇಡಿ. ಎಡಿನ್‌ಬರೋಗೂ ಬೇಕಾದರೆ ಅದನ್ನೇ ಕಳಿಸಿ.