ಕೇಳಿ–ಹೇಳುತ್ತೇವೆ: ಲೇತ್ ಮೇಲೆ ಮರದ ಬಟ್ಟಲು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಾಸನ, ಚಿಕ್ಕಮಗಳೂರು ಕಡೆಯವು. ತೋಟದಲ್ಲಿ ಕಡಿದ ಸಿಲ್ವರ್ ಓಕ್, ಹಲಸು ಕೈಗೆ ಸಿಗುತ್ತಿರುವುದರಿಂದ ಲೇತ್ (ಮರವನ್ನು ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರ) ಮೇಲೆ ಹಸಿ ಮರ ಕಡೆಯುವವರು ಜಾಸ್ತಿಯಾಗಿದ್ದಾರೆ. ತಾಪತ್ರಯಗಳೂ ಅಲ್ಲಿಂದಲೇ ಶುರು.

ತೋಟದ ಸಿಲ್ವರ್ ಓಕ್ ಕಡಿಸಿದ ವಾರದಲ್ಲೇ ಹತ್ತು ಇಂಚಿನ ಬಟ್ಟಲು ಕಡೆದೆ. ಮೂರು ದಿನದಲ್ಲಿ ಅಂಚಿನಿಂದ ತಳದವರೆಗೆ ಸೀಳಿತು. ಬಿರುಕಿಗೆ ಏನು ತುಂಬಲಿ? — ಮೂಡಿಗೆರೆಯ ಓದುಗರು

ತುಂಬುವ ಮಾತು ಆಮೇಲೆ. ಮೊದಲು ಸೀಳು ಎಲ್ಲಿಂದ ಹೊರಟಿದೆ ನೋಡಿ. ಕಾಂಡದ ನಟ್ಟನಡುವಿನ ತಿರುಳು ಬಟ್ಟಲಿನೊಳಗೆ ಉಳಿದಿದ್ದರೆ ಅದು ಸೀಳುವುದು ಹೆಚ್ಚುಕಡಿಮೆ ಖಂಡಿತ. ಒಣಗುವಾಗ ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ವರ್ಷದುಂಗುರದ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ತಿರುಳಿನ ಸುತ್ತ ಆ ಎಳೆತಕ್ಕೆ ಬಿಡುವೇ ಇಲ್ಲ, ಬಿರಿಯಲೇಬೇಕು. ಆದ್ದರಿಂದ ದಿಮ್ಮಿಯನ್ನು ತಿರುಳಿನ ಮೇಲೇ ಉದ್ದಕ್ಕೆ ಸೀಳಿ, ಎರಡೂ ಹೋಳುಗಳ ತಿರುಳಿನ ಕಡೆಯಿಂದ ಒಂದೊಂದು ಇಂಚು ತೆಗೆದುಹಾಕಿ. ದಿಮ್ಮಿಯ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಮುಗಿಯುವ ಜಾಗದವರೆಗೆ ಕೊಯ್ದು ಬಿಸಾಡಿ. ಮರ ಹಾಳಾಯಿತಲ್ಲ ಎಂದು ಸಂಕಟಪಡಬೇಡಿ, ಆ ಬಿರುಕನ್ನು ಉಳಿಸಿಕೊಂಡರೆ ಕಡೆದ ಶ್ರಮವೂ ಹಾಳು.

ಇನ್ನು ಹಸಿ ಮರದಲ್ಲಿ ದಪ್ಪ ಗೋಡೆಯ ಬಟ್ಟಲನ್ನು ಒಂದೇ ಸಲಕ್ಕೆ ಮುಗಿಸಲು ಹೋಗಬಾರದು. ಎರಡು ಸಲ ಕಡೆಯಬೇಕು. ಮೊದಲ ಸಲ ಗೋಡೆ ಮತ್ತು ತಳದ ದಪ್ಪ ವ್ಯಾಸದ ಹತ್ತನೇ ಒಂದು ಭಾಗ ಇರಲಿ. ನಿಮ್ಮ ಹತ್ತು ಇಂಚಿನದಕ್ಕೆ ಒಂದು ಇಂಚು. ಇದು ಎಲ್ಲ ಕಡೆ ಒಂದೇ ಸಮ ಇರುವುದು ಮುಖ್ಯ. ಗೋಡೆ ತೆಳ್ಳಗೆ, ತಳ ದಪ್ಪಗೆ ಬಿಟ್ಟರೆ ಗೋಡೆ ಬೇಗ ಒಣಗಿ ಕುಗ್ಗುತ್ತದೆ, ತಳ ಹಸಿಯಾಗೇ ನಿಂತು ಅದನ್ನು ತಡೆಯುತ್ತದೆ, ನಡುವೆ ಸೀಳು ಬೀಳುತ್ತದೆ.

ಕಡೆದ ದಿನವೇ ಹೊರಮೈಯಲ್ಲಿ ನಾರಿನ ತುದಿ ಕಾಣುವ ಎರಡು ಪಕ್ಕಗಳಿಗೂ ಅಂಚಿಗೂ ಕರಗಿಸಿದ ಮೇಣವನ್ನೋ ಎರಡು ಕೋಟ್ ಫೆವಿಕಾಲನ್ನೋ ಬಳಿಯಿರಿ. ನೀರು ಬೇಗ ಹೊರಹೋಗುವುದು ಆ ತುದಿಗಳಿಂದಲೇ. ಆಮೇಲೆ ದಪ್ಪ ಕಾಗದದ ಚೀಲದಲ್ಲಿಟ್ಟು, ನೆಲದ ಹತ್ತಿರ ಗಾಳಿ ಹೊಡೆಯದ ಮೂಲೆಯಲ್ಲಿಡಿ. ಬೇಗ ಒಣಗಲಿ ಎಂದು ಒಲೆ ಮೇಲಿನ ಅಟ್ಟಕ್ಕೆ ಹಾಕಿದಿರೋ, ಕೆಟ್ಟಿತು. ಪ್ಲಾಸ್ಟಿಕ್ ಚೀಲವೂ ಬೇಡ. ಮಳೆಗಾಲದಲ್ಲಂತೂ ಒಂದೇ ವಾರಕ್ಕೆ ಬೂಷ್ಟು ಹಿಡಿದು, ಸಿಲ್ವರ್ ಓಕ್‌ನ ತಿಳಿ ಬಣ್ಣದ ಮೇಲೆ ಉಜ್ಜಿದರೂ ಹೋಗದ ಕಪ್ಪು ಕಲೆ ಉಳಿಯುತ್ತದೆ. ಮೊದಲ ವಾರ ದಿನಕ್ಕೊಮ್ಮೆ ಚೀಲ ಬದಲಿಸಿ. ತೆಗೆದದ್ದನ್ನು ಒಣಗಿಸಿ ಮತ್ತೆ ಬಳಸಬಹುದು.

ಒಣಗಿತೋ ಇಲ್ಲವೋ ಎಂಬುದನ್ನು ಕೈಯಲ್ಲಿ ಮುಟ್ಟಿ ಹೇಳಲಾಗದು. ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ತೂಕ, ತಾರೀಖು ಎರಡನ್ನೂ ಪೆನ್ಸಿಲ್‌ನಲ್ಲಿ ಬಟ್ಟಲಿನ ಮೇಲೇ ಬರೆಯಿರಿ. ಮೂರು ವಾರ ತೂಕ ಇಳಿಯದಿದ್ದರೆ ಸುತ್ತಲಿನ ಹವೆಗೆ ಮರ ಹೊಂದಿಕೊಂಡಿದೆ. ಆದರೆ ಮಲೆನಾಡಿನಲ್ಲಿ ಜುಲೈ ತಿಂಗಳಲ್ಲಿ ನಿಂತ ತೂಕವನ್ನು ನಂಬಬೇಡಿ. ಆ ಹವೆಯಲ್ಲೇ ತೇವ ತುಂಬಿರುತ್ತದೆ, ಫೆಬ್ರವರಿಯಲ್ಲಿ ತೂಗಿದರೆ ಮತ್ತೆ ಇಳಿದಿರುತ್ತದೆ. ಮಳೆಗಾಲದಲ್ಲಿ ಒರಟು ಕಡೆತ ಮಾಡಿಟ್ಟು, ಕಾಫಿ ಒಣಗಿಸುವ ಕಾಲಕ್ಕೆ ಎರಡನೇ ಕಡೆತ ಇಟ್ಟುಕೊಳ್ಳುವುದು ಇಲ್ಲಿಗೆ ಒಗ್ಗುವ ಲೆಕ್ಕ.

ಅಷ್ಟು ಹೊತ್ತಿಗೆ ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಚಕ್ (ಮರವನ್ನು ಲೇತ್‌ಗೆ ಕಚ್ಚಿ ಹಿಡಿಸುವ ದವಡೆಗಳು) ಹಿಡಿಯುವ ತಳದ ಗುಬಟೂ ಹಾಗೇ. ಮೊದಲ ಸಲವೇ ಗುಬಟನ್ನು 10 ಮಿ.ಮೀ. ಹೆಚ್ಚು ಅಗಲ ಬಿಟ್ಟು, ಟೇಲ್‌ಸ್ಟಾಕ್ (ಎದುರು ತುದಿಯಿಂದ ಮರಕ್ಕೆ ಒತ್ತಿ ಆಸರೆ ಕೊಡುವ ಭಾಗ) ಮೊನೆಯ ಗುಂಡಿಯನ್ನು ಅಳಿಸದೆ ಉಳಿಸಿಕೊಳ್ಳಿ. ಎರಡನೇ ಸಲ ಚಕ್‌ನಲ್ಲಿ ದುಂಡು ಮರದ ತುಂಡು ಹಿಡಿಸಿ, ರಬ್ಬರ್ ಚಾಪೆ ಸುತ್ತಿ, ಬಟ್ಟಲನ್ನು ಅದರ ಮೇಲೆ ಕವುಚಿ, ಅದೇ ಗುಂಡಿಗೆ ಟೇಲ್‌ಸ್ಟಾಕ್ ಒತ್ತಿ, ಗುಬಟನ್ನು ಮತ್ತೆ ದುಂಡಗೆ ಮಾಡಿ. ಆಮೇಲಷ್ಟೇ ಚಕ್‌ಗೆ ಕೊಡಿ.

ಈಗ ನಿಮ್ಮ ಪ್ರಶ್ನೆ. ಅಂಚಿನಿಂದ ತಳದವರೆಗೆ ಸೀಳಿದ್ದನ್ನು ಮತ್ತೆ ಲೇತ್‌ಗೆ ಹಾಕಲೇಬೇಡಿ, ತಿರುಗುವಾಗ ಎರಡು ಹೋಳಾಗಿ ಮುಖಕ್ಕೆ ಬರುತ್ತದೆ. ಒಂದಿಂಚಿನೊಳಗಿನ, ಮುಂದೆ ಬೆಳೆಯದ ಬಿರುಕಾದರೆ ಕಾಫಿ ಪುಡಿ ತುಂಬಬಹುದು. ಫಿಲ್ಟರ್‌ನಲ್ಲಿ ಉಳಿದ ಚರಟವನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ, ಜರಡಿ ಹಿಡಿದು, ಬಿರುಕಿಗೆ ಒತ್ತಿ, ತೆಳುವಾದ ಸೂಪರ್ ಗ್ಲೂ ಹನಿಸಿ. ಆಳವಿದ್ದರೆ ಎರಡು ಮೂರು ಪದರದಲ್ಲಿ ತುಂಬಿ. ಅಂಟು ಅಕ್ಕಪಕ್ಕ ಹರಡಿ ಮರದ ಮೇಲೆ ಕಲೆಯಾಗುತ್ತದೆ, ಅದಕ್ಕೆ ಮೊದಲೇ ಬಿರುಕಿನ ಆಚೀಚೆ ಅರಗಿನ ಪಾಲಿಶ್ ಒಂದು ಕೈ ಬಳಿದಿಡಿ.

ಉಳಿ ಇದ್ದಕ್ಕಿದ್ದಂತೆ ಕಚ್ಚಿ, ಬಟ್ಟಲಿನಲ್ಲಿ ಹಳ್ಳ ಬೀಳಿಸುತ್ತದೆ. — ಅರಸೀಕೆರೆಯ ಓದುಗರು

ಉಳಿಯ ಬಾಯಿಗೆ ಆಸರೆ ತಪ್ಪಿದಾಗ ಅದು ಕಚ್ಚುತ್ತದೆ. ಬಾಯಿಯ ಹಿಂದಿನ ಇಳಿಜಾರು ಮುಖ ಮೊದಲು ಮರಕ್ಕೆ ತಾಗಬೇಕು. ಆಗ ಮರ ಸುಮ್ಮನೆ ಉಜ್ಜಿದಂತೆ ಸದ್ದು ಬರುತ್ತದೆ, ಸಿಪ್ಪೆ ಬರುವುದಿಲ್ಲ. ಅಲ್ಲಿಂದ ಹಿಡಿಕೆಯನ್ನು ಮೆಲ್ಲಗೆ ಎತ್ತುತ್ತ ಬಂದರೆ ಸಿಪ್ಪೆ ಏಳುತ್ತದೆ. ಬಾಯಿಯನ್ನೇ ಮೊದಲು ಇಟ್ಟರೆ ಮರ ಅದನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಗೌಜ್‌ನ (ಉದ್ದಕ್ಕೂ ತೋಡಿರುವ ಉಳಿಯ) ತೋಡು ಆಕಾಶ ನೋಡುತ್ತಿದ್ದರೂ ಇದೇ ಗತಿ, ಏಕೆಂದರೆ ಕತ್ತರಿಸದ ಮೇಲಿನ ರೆಕ್ಕೆ ಮರಕ್ಕೆ ತಗಲುತ್ತದೆ. ನೀವು ಸಾಗುವ ದಿಕ್ಕಿಗೆ ತೋಡು ಹೊರಳಿರಲಿ.

ಟೂಲ್ ರೆಸ್ಟ್ (ಉಳಿಯನ್ನು ಊರುವ ಆಸರೆ ಪಟ್ಟಿ) ಮರದಿಂದ ದೂರವಾದಷ್ಟೂ ಉಳಿ ಕೈ ಮೀರುತ್ತದೆ. ಅರ್ಧ ಇಂಚಿಗಿಂತ ಹೆಚ್ಚು ಸಂದು ಬಿಡಬೇಡಿ; ಲೇತ್ ನಿಲ್ಲಿಸಿ ಸರಿಸಿ, ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿ, ಆಮೇಲೆ ಸ್ವಿಚ್ ಹಾಕಿ. ವೇಗಕ್ಕೆ ಒಂದು ಲೆಕ್ಕ: ಇಂಚಿನಲ್ಲಿ ವ್ಯಾಸ ಮತ್ತು ನಿಮಿಷದ ಸುತ್ತು, ಇವುಗಳ ಗುಣಲಬ್ಧ 6000ದಿಂದ 9000ದೊಳಗೆ ಇರಲಿ. ಹತ್ತು ಇಂಚಿಗೆ 600ರಿಂದ 900 ಸುತ್ತು. ದುಂಡಾಗದ ತುಂಡಿಗೆ ಅದಕ್ಕೂ ಕಡಿಮೆ, 400ರ ಆಸುಪಾಸು.

ಕಂಬ, ಕಾಲು ಕಡೆಯುವ ಅಗಲ ಬಾಯಿಯ ರಫಿಂಗ್ ಗೌಜ್ ಅನ್ನು ಬಟ್ಟಲಿಗೆ ಬಳಸಲೇಬಾರದು. ಹಿಡಿಕೆಯೊಳಗೆ ಹೋಗುವ ಅದರ ಬಾಲ ತೆಳ್ಳಗಿನದು. ಬಟ್ಟಲಿನಲ್ಲಿ ಪ್ರತಿ ಸುತ್ತಿನಲ್ಲೂ ಎರಡು ಸಲ ನಾರಿನ ತುದಿ ಬಂದು ಬಡಿಯುವಾಗ ಅದು ಮುರಿದು ಹಾರುತ್ತದೆ.

ಬಟ್ಟಲಿನ ಎರಡು ಪಕ್ಕ ನುಣುಪು, ಎರಡು ಪಕ್ಕ ಕಿತ್ತುಬಂದಂತೆ ಒರಟು. ಎಷ್ಟು ಉಜ್ಜಿದರೂ ಹೋಗದು. — ಬೇಲೂರಿನ ಓದುಗರು

ಉಜ್ಜುವುದನ್ನು ನಿಲ್ಲಿಸಿ. ನಾರು ಬುಡದಿಂದ ಕಿತ್ತುಬಂದಿದೆ, ಅಷ್ಟು ಆಳಕ್ಕೆ ಮರಳು ಕಾಗದ ಇಳಿಯುವುದಿಲ್ಲ. ಹೊರಮೈಯನ್ನು ತಳದಿಂದ ಅಂಚಿನ ಕಡೆಗೆ, ಒಳಮೈಯನ್ನು ಅಂಚಿನಿಂದ ನಡುವಿನ ಕಡೆಗೆ ಕಡೆಯಿರಿ, ಆಗ ಪ್ರತಿ ನಾರಿಗೂ ಹಿಂದಿನದ್ದು ಆಸರೆ ಕೊಡುತ್ತದೆ. ಕೊನೆಯ ಎರಡು ಸುತ್ತಿಗೆ ಮೊದಲು ಉಳಿಗೆ ಹೊಸದಾಗಿ ಸಾಣೆ ಹಿಡಿಯಿರಿ. ಒರಟು ಜಾಗಕ್ಕೆ ತೆಳು ಅರಗಿನ ಪಾಲಿಶ್ ಕುಡಿಸಿ, ಅದು ಒಣಗಿದ ಮೇಲೆ ಅರ್ಧ ಮಿ.ಮೀ.ಗೂ ಕಡಿಮೆ ಸಿಪ್ಪೆ ತೆಗೆಯಿರಿ.

ಆಮೇಲೆ 120, 180, 240, 320 ನಂಬರಿನ ಕಾಗದ, ನಡುವಿನದ್ದು ಹಾರಿಸದೆ. ಕೈಗೆ ಬಿಸಿ ತಾಗುವಷ್ಟು ಒತ್ತಿದರೆ ನಾರಿನ ತುದಿಯಲ್ಲಿ ಕೂದಲೆಳೆ ಬಿರುಕುಗಳು ಬೀಳುತ್ತವೆ. ಎಣ್ಣೆ ಹಚ್ಚಿದ ಮೇಲೇ ಅವು ಕಣ್ಣಿಗೆ ಕಾಣುವುದು.

ಕಡೆಯುತ್ತಿದ್ದಾಗ ಬಟ್ಟಲು ಚಕ್‌ನಿಂದ ಕಿತ್ತು ಹಾರಿತು. — ಕೊಪ್ಪದ ಓದುಗರು

ಗುಬಟಿನ ತುದಿ ಚಕ್‌ನ ತಳಕ್ಕೆ ತಾಗಿ ನಿಂತಿತ್ತೇನೋ, ಹಾಗೆ ತಾಗಬಾರದು. ತಾಗಿದರೆ ದವಡೆಗಳ ಮೇಲ್ಮುಖಕ್ಕೂ ಬಟ್ಟಲಿಗೂ ಸಂದು ಉಳಿದು ಅದು ಅಲ್ಲಾಡುತ್ತದೆ. ಹಿಡಿತ ಇರುವುದು ಗುಬಟಿನ ಸುತ್ತಲಿನ ಭುಜ ದವಡೆಯ ಮೇಲೆ ಸಪಾಟಾಗಿ ಕೂತಾಗ. 50 ಮಿ.ಮೀ. ದವಡೆಗೆ 8 ಮಿ.ಮೀ. ಎತ್ತರದ ಗುಬಟು ಸಾಕು. ಬುಡದ ಮೂಲೆ ಚೂಪಾಗಿರಲಿ, ಅಲ್ಲಿ ದುಂಡಗೆ ಮರ ಉಳಿದರೂ ಭುಜ ಕೂರುವುದಿಲ್ಲ. ಒಳಗೆ ತೋಡುವಾಗ ಸಾಧ್ಯವಾದಷ್ಟು ಹೊತ್ತು ಟೇಲ್‌ಸ್ಟಾಕ್ ಆಸರೆ ಇರಲಿ. ಮುಖಕ್ಕೆ ಶೀಲ್ಡ್ ಹಾಕಿ, ಬಟ್ಟಲಿನ ನೇರಕ್ಕೆ ನಿಲ್ಲಬೇಡಿ.

ತಳ ತೂತಾಗುವುದನ್ನು ತಪ್ಪಿಸುವುದು ಹೇಗೆ? — ಸಕಲೇಶಪುರದ ಓದುಗರು

ಒಳಗೆ ತೋಡುವ ಮೊದಲೇ ನಡುವಿಗೆ ಡ್ರಿಲ್ ಹಾಕಿ. ಬಿಟ್ ಮೇಲೆ ಬೇಕಾದ ಆಳಕ್ಕೆ ಟೇಪ್ ಸುತ್ತಿ, ಆಮೇಲೆ ತೋಡುವಾಗ ತೂತಿನ ತಳ ಸಿಕ್ಕಿದಲ್ಲಿ ನಿಲ್ಲಿಸಿ. ಆಳ ಅಳೆಯುವಾಗ ಗುಬಟಿನ ಎತ್ತರವನ್ನು ಲೆಕ್ಕಕ್ಕೆ ಸೇರಿಸಬೇಡಿ, ಅದನ್ನು ಕೊನೆಗೆ ಕಡೆದು ತೆಗೆಯುತ್ತೀರಿ.

ಊಟಕ್ಕೆ ಬಳಸುವ ಬಟ್ಟಲಿಗೆ ಯಾವ ಎಣ್ಣೆ? ಸಿಲ್ವರ್ ಓಕ್ ಕಡೆದಾಗ ಕೈ ತುರಿಸುತ್ತದೆ, ಏಕೆ? — ಚಿಕ್ಕಮಗಳೂರಿನ ಓದುಗರು

ಕಡಲೆಕಾಯಿ ಎಣ್ಣೆ ಬೇಡ, ಅಂಟಂಟಾಗಿ ಕಮಟು ವಾಸನೆ ಬರುತ್ತದೆ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ನಾಲ್ಕು ಪಾಲು, ಜೇನುಮೇಣ ಒಂದು ಪಾಲು ತೂಕ ಮಾಡಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಬಟ್ಟೆಯಲ್ಲಿ ಹಚ್ಚಿ. ಆಗಾಗ ಮತ್ತೆ ಹಚ್ಚಬೇಕು. ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ, ಆದರೆ ಹಸಿ ಎಣ್ಣೆಗೆ ವಾರಗಳೇ ಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ. ಅರಗಿನ ಪಾಲಿಶ್ ಬಿಸಿ ಸಾರು ತಾಗಿದರೆ ಬೆಳ್ಳಗಾಗುತ್ತದೆ, ಅದು ಹಣ್ಣಿಡುವ ಬಟ್ಟಲಿಗೆ ಸರಿ.

ತುರಿಕೆ ನಿಮ್ಮ ಭ್ರಮೆಯಲ್ಲ. ಸಿಲ್ವರ್ ಓಕ್‌ನಲ್ಲಿ ಚರ್ಮಕ್ಕೆ ಅಲರ್ಜಿ ತರುವ ಅಂಶವಿದೆ, ಒಮ್ಮೆ ಒಗ್ಗದೇ ಹೋದರೆ ಮುಂದೆ ಸ್ವಲ್ಪ ತಾಗಿದರೂ ಗುಳ್ಳೆ ಏಳಬಹುದು. ತುಂಬು ತೋಳಿನ ಅಂಗಿ, ದೂಳಿನ ಮಾಸ್ಕ್ ಹಾಕಿ. ತಿರುಗುವ ಲೇತ್ ಮುಂದೆ ಕೈಗವಸು ಮಾತ್ರ ಬೇಡ, ಅಂಗಿ ತೋಳೂ ಮಣಿಕಟ್ಟಿನಲ್ಲಿ ಬಿಗಿಯಾಗಿರಲಿ. ಕೆಲಸ ಮುಗಿದ ತಕ್ಷಣ ಸೋಪು ಹಾಕಿ ತೊಳೆದುಕೊಳ್ಳಿ. ಆದರೂ ಗುಳ್ಳೆ ಎದ್ದರೆ ಆ ಮರವನ್ನೇ ಬಿಟ್ಟು ಹಲಸಿಗೆ ಹೋಗಿ.