ಹಿಂದಿನವರು ಹೊಡೆದ ಮೊಳೆ

ಪ್ರಶ್ನೆ: ಮೈಸೂರಿನಲ್ಲಿ 1990ರ ಸುಮಾರಿಗೆ ಕಟ್ಟಿದ ಮನೆಯನ್ನು ಕೊಂಡು ಕಳೆದ ತಿಂಗಳು ಗೃಹಪ್ರವೇಶ ಮಾಡಿದೆವು. ಹಜಾರದ ಸೂರಿನಲ್ಲಿ ಉಯ್ಯಾಲೆಯ ಕೊಂಡಿಗಳು, ಗೋಡೆಯೊಳಗೆ ಕೂರಿಸಿದ ಷೋಕೇಸು, ಎಲ್ಲೆಂದರಲ್ಲಿ ಮೊಳೆಗಳು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಒಂದು ಬಿರುಕು. ಇವನ್ನೆಲ್ಲ ನೋಡಿದಾಗ ಇನ್ನೂ ಪರರ ಮನೆಯಲ್ಲಿದ್ದಂತೆ ಅನ್ನಿಸುತ್ತದೆ. ಎಲ್ಲವನ್ನೂ ಕೀಳಿಸಿ ಹೊಸ ಗಿಲಾವು ಮಾಡಿಸಬೇಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಒಂದು ಮಳೆಗಾಲ ಕಳೆಯುವವರೆಗೆ ಗಿಲಾವಿಗೆ ಕೈ ಹಾಕಬೇಡಿ. ಬೆಳೆಯುವ ದೋಷ ಯಾವುದು, ಇದ್ದಂತೆಯೇ ಇರುವ ಕಲೆ ಯಾವುದು ಎಂಬುದು ಒಣಗಿದ ಗೋಡೆಯನ್ನು ಒಮ್ಮೆ ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ.

ಬಾಗಿಲು, ಕಿಟಕಿಗಳ ಮೂಲೆಯಲ್ಲಿ ಗೋಡೆಯ ಒತ್ತಡ ಹೆಚ್ಚಾಗಿ ಸೇರುವುದರಿಂದ ಬಿರುಕು ಮೊದಲು ಕಾಣಿಸುವುದು ಅಲ್ಲಿಯೇ. ಅದರ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲೇ ತಾರೀಖು ಬರೆದಿಡಿ. ಕೆಲವು ತಿಂಗಳಾದ ಮೇಲೂ ಬಿರುಕು ಆ ಗೆರೆಯನ್ನು ದಾಟದೆ ಕೂದಲೆಳೆಯಷ್ಟೇ ಇದ್ದರೆ, ಬಣ್ಣ ಹೊಡೆಸುವಾಗ ಪುಟ್ಟಿ ತುಂಬಿಸಿದರೆ ಸಾಕು. ಗೆರೆ ದಾಟಿದರೆ, ಅಗಲವಾದರೆ ಅಥವಾ ಗೋಡೆಯ ಹೊರಮೈಯಲ್ಲೂ ಅದೇ ಜಾಡಿನಲ್ಲಿ ಕಾಣಿಸಿದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಉಯ್ಯಾಲೆಯ ಕೊಂಡಿಗಳನ್ನು ದಯವಿಟ್ಟು ಕತ್ತರಿಸಬೇಡಿ. ಅವನ್ನು ಸಾಮಾನ್ಯವಾಗಿ ಮೋಲ್ಡ್ ಹಾಕುವ ಮೊದಲೇ ಕಂಬಿಗೆ ಸಿಕ್ಕಿಸಿರುತ್ತಾರೆ. ಕತ್ತರಿಸಿದ ತುದಿಗೆ ತೇವ ತಗುಲಿದರೆ ತುಕ್ಕು ಹಿಡಿಯುತ್ತದೆ, ತುಕ್ಕಾದ ಕಬ್ಬಿಣ ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಚಕ್ಕೆ ಎಬ್ಬಿಸುತ್ತದೆ. ಮರಳು ಕಾಗದದಿಂದ ಉಜ್ಜಿ ರೆಡ್ ಆಕ್ಸೈಡ್ ಹಚ್ಚಿ ಬಿಟ್ಟುಬಿಡಿ. ಮಕ್ಕಳನ್ನು ತೂಗುವ ಮುನ್ನ ಮಾತ್ರ ತಿಳಿದವರಿಂದ ಅವುಗಳ ಬಲವನ್ನು ಪರೀಕ್ಷಿಸಿಕೊಳ್ಳಿ.

ಹಳೆಯ ಮೊಳೆಯನ್ನು ಒಮ್ಮೆಲೇ ಜಗ್ಗಿದರೆ ಅಂಗೈಯಗಲ ಗಿಲಾವು ಅದರೊಡನೆ ಕಿತ್ತು ಬರಬಹುದು. ಬೇಡವಾದದ್ದನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತಾ ತೆಗೆಯಿರಿ, ಗಟ್ಟಿಯಾಗಿರುವ ಒಂದೆರಡಕ್ಕೆ ಗಡಿಯಾರವನ್ನೋ ಕ್ಯಾಲೆಂಡರನ್ನೋ ತೂಗುಹಾಕಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಹೊಸ ಮೊಳೆ ಹೊಡೆಯಲೇಬೇಡಿ; ತಂತಿಯ ಕೊಳವೆ ಹೆಚ್ಚಾಗಿ ಅದೇ ಜಾಡಿನಲ್ಲಿ ಹಾದಿರುತ್ತದೆ.

ಹೊಂದಿಕೊಳ್ಳಬಾರದ ಸಂಗತಿಗಳೂ ಇವೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಏಳುತ್ತಿದ್ದರೆ ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡದೆ ಬಳಿದ ಬಣ್ಣ ನಿಲ್ಲುವುದಿಲ್ಲ. ಅರ್ಥಿಂಗ್ ಇಲ್ಲದ ಹಳೆಯ ಪ್ಲಗ್ಗುಗಳಿದ್ದರೆ ಮಳೆಗಾಲಕ್ಕೆ ಕಾಯದೆ ಈ ವಾರವೇ ಬದಲಾಯಿಸಿ.

ಷೋಕೇಸನ್ನು ಕಿತ್ತರೆ ಆ ಗೂಡನ್ನು ಇಟ್ಟಿಗೆಯಿಂದ ಮುಚ್ಚಿಸಬೇಕಾಗುತ್ತದೆ. ಸದ್ಯಕ್ಕೆ ಗಾಜಿನ ಬಾಗಿಲುಗಳನ್ನಷ್ಟೇ ಕಳಚಿಟ್ಟು, ಒಳಗೆ ಸುಣ್ಣವನ್ನೋ ಬಣ್ಣವನ್ನೋ ಬಳಿದು ನಿಮ್ಮ ಪುಸ್ತಕಗಳನ್ನು ಜೋಡಿಸಿ. ಆರು ತಿಂಗಳ ಮೇಲೂ ಅದು ಕಣ್ಣಿಗೆ ಚುಚ್ಚುತ್ತಿದ್ದರೆ ಆಗ ಮೇಸ್ತ್ರಿಯನ್ನು ಕರೆಸಬಹುದು.